ಏಳನೇ ಕಂಬ ವಾಲಿದ ವರ್ಷ

ಲಕ್ಕಿ ಸೊಪ್ಪಿನ ವಾಸನೆ ನನಗೆ ಆಗಿಬರುವುದಿಲ್ಲ. ಒಂದು ಎಲೆ ಹಿಸುಕಿದರೂ ಸಾಕು, ಎದ್ದು ಆಚೆ ಹೋಗಿಬಿಡುತ್ತೇನೆ. ಹೋದ ತಿಂಗಳು ಬೇಲೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು, ಅರಸೀಕೆರೆಯಲ್ಲಿರುವ ತಂಗಿಯ ಮನೆಗೆ ವಾಪಸಾಗುತ್ತಿದ್ದೆ. ಹಳೇಬೀಡು, ಜಾವಗಲ್ ಮೇಲೆ ಹೋಗುವ ಬಸ್ಸು, ಕಿಟಕಿ ಪಕ್ಕದ ಸೀಟು. ಹಳೇಬೀಡು ದಾಟಿ ಸ್ವಲ್ಪ ದೂರ ಬಂದಿದ್ದೆವು. ರಸ್ತೆ ಬದಿಯ ಲಕ್ಕಿ ಪೊದೆಯನ್ನು ಯಾರೋ ಕಡಿದು ಹಾಕಿದ್ದರು, ಆ ಘಾಟು ಕಿಟಕಿಯಿಂದ ನುಗ್ಗಿತು. ಏನು ಹೊಳೆಯಿತೋ, "ನಿಲ್ಸಿ, ಇಲ್ಲೇ ಇಳೀತೀನಿ" ಎಂದುಬಿಟ್ಟೆ. ಕಂಡಕ್ಟರ್ "ಅರಸೀಕೆರೆಗೆ ಟಿಕೆಟ್ ತಗೊಂಡಿದೀರಲ್ಲಮ್ಮ" ಎಂದು ಗೊಣಗುತ್ತಲೇ ಸೀಟಿ ಊದಿದರು. ಅದು ತಿಮ್ಮನಕೊಪ್ಪಲಿಗೆ ತಿರುಗುವ ದಾರಿ.

ಆ ಊರಿನಲ್ಲಿ ನಾನು ಒಂದು ವರ್ಷ ಇದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಎಂಜಿನಿಯರಿಂಗ್ ಮುಗಿಸಿ, ಓದಿದ ಕಾಲೇಜಿನಲ್ಲೇ ಪ್ರಭಾಕರ ಸರ್ ಅವರ ಬಳಿ ಸಹಾಯಕಿಯಾಗಿ ಸೇರಿದ್ದೆ. ತಿಮ್ಮನಕೊಪ್ಪಲಿನ ಹಳೆಯ ಕೆರೆ ತುಂಬಿದಾಗ ಅದರ ಏರಿ ಜರುಗುತ್ತದೆಯೇ ಎಂದು ತಂತಿಯಿಲ್ಲದೆ ಅಳೆಯುವುದು ನಮ್ಮ ಕೆಲಸ. ನಾವು ಹೋದಾಗ ಕೆರೆಯಲ್ಲಿ ನೀರೇ ಇರಲಿಲ್ಲ. ಮೂರ್ನಾಲ್ಕು ವರ್ಷದಿಂದ ತುಂಬಿರಲಿಲ್ಲವಂತೆ, ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು. ಬಸ್ಸಿನಲ್ಲಿ ನಮ್ಮ ಪೆಟ್ಟಿಗೆಗಳನ್ನು ನೋಡಿದವರು "ದೇವಸ್ಥಾನದ ಫೋಟೋ ತೆಗೆಯೋಕಾ?" ಎಂದು ಕೇಳುವರು. ಒಣಗಿದ ಕೆರೆಯ ಏರಿ ಅಳೆಯುವುದಕ್ಕೆ ಎಂದು ಹೇಳಲು ನನಗೇ ನಾಚಿಕೆಯಾಗುತ್ತಿತ್ತು.

ಏರಿಯ ತಲೆಯ ಮೇಲೆ ಒಂದು ಸಾಲು, ಊರ ಕಡೆಯ ಇಳಿಜಾರಿನ ನಡುವೆ ಇನ್ನೊಂದು ಸಾಲು ಕಬ್ಬಿಣದ ಕೊಳವೆ ನೆಟ್ಟು, ಪ್ರತಿಯೊಂದರ ತುದಿಗೂ ತಿಂಡಿ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ ಕಟ್ಟಿದೆವು. ಮಿಂಚು ಕಂಡಮೇಲೆ ಗುಡುಗು ಕೇಳುವ ಹೊತ್ತಿನಿಂದ ಸಿಡಿಲು ಎಷ್ಟು ದೂರ ಎಂದು ಅಂದಾಜು ಮಾಡುತ್ತೇವಲ್ಲ, ಅದೇ ಲೆಕ್ಕ. ಒಂದು ಡಬ್ಬಿ ರೇಡಿಯೋದಲ್ಲಿ "ಈಗ" ಎಂದು ತಿಳಿಸಿ, ಅದೇ ಕ್ಷಣ ಚಿರ್ರೆಂದು ಕೂಗುತ್ತದೆ. ರೇಡಿಯೋ ಆಗಲೇ ತಲುಪಿರುತ್ತದೆ, ಕೂಗು ತಡವಾಗಿ ಬರುತ್ತದೆ, ಆ ತಡದಿಂದ ದೂರ ಗೊತ್ತಾಗುತ್ತದೆ. ಊರವರು ಅವಕ್ಕೆ ಜೀರುಂಡೆ ಡಬ್ಬಿ ಎಂದು ಹೆಸರಿಟ್ಟರು. ಸರ್ ಇಟ್ಟಿದ್ದ ಉದ್ದನೆಯ ಹೆಸರು ಅಂದಿನಿಂದ ನನ್ನ ಬಾಯಲ್ಲೂ ಬರಲಿಲ್ಲ.

ತಲೆನೋವು ಸೆಲ್ಲಿನದು. ಏರಿಯ ಮೇಲೆ ಕರೆಂಟ್ ಎಲ್ಲಿಂದ ಬರಬೇಕು? ಪ್ರತಿ ಡಬ್ಬಿಯೂ ಮತ್ತೊಂದರ ಜೊತೆ ಒಂದೊಂದಾಗಿ ಮಾತಾಡಿ ದೂರ ಕೇಳಿಕೊಳ್ಳುತ್ತ ಕೂತರೆ, ಯುಗಾದಿಗೆ ಹಾಕಿದ ಸೆಲ್ಲು ಮಳೆ ಬರುವ ಮೊದಲೇ ಮುಗಿದಿರುತ್ತದೆ. ಎಲ್ಲವೂ ಒಟ್ಟಿಗೆ ಕೂಗಿದರೆ ಯಾವುದೂ ಕೇಳಿಸುವುದಿಲ್ಲ. ಇಲ್ಲಿ ಸರ್ ಮಾಡಿದ ಉಪಾಯ ಶಾಲೆಯ ಹಾಜರಿಯಂಥದ್ದು. ಗಂಟೆಗೊಮ್ಮೆ ಎಲ್ಲ ಡಬ್ಬಿಗಳೂ ಒಟ್ಟಿಗೆ ಏಳಬೇಕು. ಸರದಿಯಂತೆ ಒಂದೊಂದೂ ಒಂದೇ ಸಲ ಕೂಗಬೇಕು, ಉಳಿದವು ಕಿವಿಗೊಡಬೇಕು. ಹೀಗೆ ಒಂದು ಕೂಗಿಗೆ ಅಕ್ಕಪಕ್ಕದ ಎಲ್ಲ ದೂರಗಳೂ ಸಿಕ್ಕಿಬಿಡುತ್ತವೆ. ಆಮೇಲೆ ಮತ್ತೆ ಗಡದ್ದಾಗಿ ನಿದ್ದೆ. ಈ ಲೆಕ್ಕದಲ್ಲಿ ಒಮ್ಮೆ ಹಾಕಿದ ಸೆಲ್ಲು ಇಡೀ ಮಳೆಗಾಲ ಬಾಳುತ್ತದೆ ಎಂದು ತೋರಿಸುವುದೇ ಸರ್ ಅವರ ಹಟ.

ಸರ್ ಮಹಾ ಜಿಪುಣರು. ದುಡ್ಡಿನಲ್ಲಲ್ಲ, ಕರೆಂಟಿನಲ್ಲಿ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಹೊರಡುವಾಗ ಅವರ ಹಜಾರದ ದೀಪ ಆರಿಸಿ ಬರುವರು. ಡಬ್ಬಿಗಳನ್ನು ಅರೆಗಳಿಗೆ ಹೆಚ್ಚು ಎಚ್ಚರವಿಟ್ಟರೂ "ಸುಜಾತ, ಪಾಪ ಮಲಗಲಿ ಬಿಡು" ಎಂದು ನನ್ನ ಮೇಲೆ ರೇಗುತ್ತಿದ್ದರು. ನನ್ನನ್ನು ಬೆಳಗಿನ ಜಾವದ ಬಸ್ಸಿಗೆ ಎಬ್ಬಿಸುವಾಗ ಈ ಕರುಣೆ ಎಲ್ಲಿ ಹೋಗುತ್ತಿತ್ತೋ ಕಾಣೆ.

ಊರಿನಲ್ಲಿ ನಮಗೆ ದಿಕ್ಕು ಇಬ್ಬರು. ಒಬ್ಬ ನೀರಗಂಟಿ ರಂಗಣ್ಣ, ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು. ಇನ್ನೊಬ್ಬರು ಪಂಚಾಯಿತಿ ಸದಸ್ಯೆ ನಂಜಮ್ಮ. ಅವರ ಮನೆಯ ಹಿತ್ತಲು ಮುಗಿದಲ್ಲೇ ಏರಿಯ ಇಳಿಜಾರು ಶುರುವಾಗುತ್ತಿತ್ತು, ಇಳಿಜಾರಿನ ಸಾಲಿನ ಏಳನೇ ಕಂಬ ಸರಿಯಾಗಿ ಅವರ ಕೊಟ್ಟಿಗೆಯ ನೇರಕ್ಕೆ. ಅವರ ಸೊಸೆ ಕಮಲ ತುಂಬಿದ ಬಸುರಿ. ತಾಯಿಯಿಲ್ಲದ ಹುಡುಗಿ, ಹಾಗಾಗಿ ಬಾಣಂತನವೂ ಅತ್ತೆಯ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು.

ಆ ವರ್ಷ ಉತ್ತರೆ ಮಳೆಗೆ ಕೆರೆಯ ತಳ ನೆನೆಯಿತು. ಹಸ್ತ ಮಳೆ ಹಿಡಿದದ್ದು ಚಿತ್ತೆ ಬಂದರೂ ಬಿಡಲಿಲ್ಲ. ಹುಲಿಕೆರೆ ಕಡೆಯ ಹಳ್ಳವೆಲ್ಲ ಕೆಂಪಗೆ ಮೊರೆಯುತ್ತ ಬಂದು ಕೆರೆಗೆ ಬಿತ್ತು. ಊರಿಗೆ ಊರೇ ಹುಚ್ಚೆದ್ದಂತೆ ಏರಿಯ ಮೇಲೆ ನಿಂತು ನೀರು ನೋಡುತ್ತಿತ್ತು. ಕೋಡಿಯಿಂದ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕಡೆಯಿಂದ, ಒಂದು ಹನಿಯೂ ದಂಡವಾಗಬಾರದು ಎಂದು ಗಂಡಸರು ಅಲ್ಲಿ ಮರಳಿನ ಮೂಟೆ ಪೇರಿಸಿದರು. ನೀರು ಇನ್ನೂ ಎರಡು ಮೊಳ ಏರಿತು. ಅದೇ ವಾರ ಕಮಲಳಿಗೆ ಹೆಣ್ಣು ಮಗು ಹುಟ್ಟಿತು. ನಂಜಮ್ಮ ನಮ್ಮಿಬ್ಬರ ಬಾಯಿಗೂ ಸಕ್ಕರೆ ಹಾಕಿ "ಕೆರೆ ತುಂಬ್ಕಂಡೇ ಬಂದವ್ಳೆ ನಮ್ಮ ಗಂಗೆ" ಎಂದರು.

ಏಳನೇ ಕಂಬದ ಅಂಕಿಗಳು ಕದಲಲು ಶುರುವಾದದ್ದು ಆಗಲೇ. ನಾನು ಶಾಲೆಯ ಖಾಲಿ ಕೊಠಡಿಯೊಂದರಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಏರಿಯ ತಲೆಯ ಕಂಬಗಳಿಗೂ ಏಳನೆಯದಕ್ಕೂ ನಡುವಿನ ದೂರ ಒಂದು ಬೆರಳು ಹೆಚ್ಚಾಗಿತ್ತು. ಸಂಜೆಗೆ ಎರಡು ಬೆರಳು. ಮರುದಿನ ಅರ್ಧ ಗೇಣು. ಉಳಿದ ಕಂಬಗಳೂ ಮಳೆಯ ಸದ್ದಿಗೆ ಒಮ್ಮೊಮ್ಮೆ ತಪ್ಪು ಹೇಳುತ್ತಿದ್ದವು, ಆದರೆ ಹಿಂದೆಮುಂದೆ ಆಡುತ್ತಿದ್ದವು. ಏಳು ಮಾತ್ರ ಒಂದೇ ಕಡೆಗೆ, ನಂಜಮ್ಮನ ಮನೆಯ ಕಡೆಗೆ ಹೋಗುತ್ತಿತ್ತು. ಸರ್ "ಇನ್ನೊಂದು ದಿನ ನೋಡೋಣ" ಎಂದರು. ನನಗೆ ಅನ್ನ ಸೇರಲಿಲ್ಲ, ಕಣ್ಣು ಮುಚ್ಚಿದರೆ ಆ ಮಗುವಿನ ಮುಖವೇ ಎದುರಿಗೆ ಬರುತ್ತಿತ್ತು.

ಆ ಇನ್ನೊಂದು ದಿನ ಗಂಗೆ ಪೂಜೆ. ಕೆರೆ ತುಂಬಿದರೆ ಹೆಂಗಸರು ಏರಿಯ ಮೇಲೆ ಪೂಜೆ ಮಾಡಿ ನೀರಿಗೆ ಅರಿಶಿನ ಕುಂಕುಮ ಬಿಡುವುದು ಆ ಊರಿನ ಪದ್ಧತಿ. ನಂಜಮ್ಮ ಹಿಂದಿನ ದಿನವೇ ಬಂದು ಕರೆದಿದ್ದರು.

"ನಮ್ಮ ಮನೇಲಿ ಪೂಜೆ ಮಾಡಲ್ಲ ನಂಜಮ್ಮನೋರೆ. ನಾವು ಬೌದ್ಧರು" ಎಂದೆ. ಅಪ್ಪ ರೈಲ್ವೆ ಕೆಲಸಕ್ಕೆ ಸೇರಿದ ಕಾಲದಿಂದ ನಮ್ಮ ಮನೆಯಲ್ಲಿ ಇದ್ದದ್ದು ಬುದ್ಧನದೊಂದೇ ಪಟ.

ಅವರು ಒಂದು ಕ್ಷಣ ಯೋಚಿಸಿ "ಹಂಗಾರೆ ಪೂಜೆಗೆ ಬ್ಯಾಡ, ಪಾಯಸಕ್ಕೆ ಬಾ" ಎಂದು ಹೊರಟುಹೋದರು.

ಹೀಗಾಗಿ ಅಂದು ನಾನು ಏರಿಯ ಮೇಲಿರಲಿಲ್ಲ, ಅಂಕಿಗಳ ಮುಂದೆ ಇದ್ದೆ. ಹನ್ನೊಂದು ಗಂಟೆಯ ಕೂಗಿನಲ್ಲಿ ಏಳನೇ ಕಂಬ ಕಾಣೆಯಾಗಿತ್ತು. ಹನ್ನೆರಡಕ್ಕೆ ಮತ್ತೆ ಬಂತು. ಬಂದದ್ದು ಎಲ್ಲಿಗೆ ಎಂದರೆ, ಮಳೆಗಾಲಕ್ಕೆ ಮೊದಲು ಇದ್ದ ಜಾಗಕ್ಕೆ! ಅರ್ಧ ಗೇಣು ಹೋದದ್ದು ಹೋದ ಹಾಗೇ ವಾಪಸ್.

ಸರ್ ಕನ್ನಡಕ ಒರೆಸಿಕೊಂಡು ನೋಡಿದರು. "ಹೋದ ಮಣ್ಣು ವಾಪಸ್ ಬರಲ್ಲ ಸುಜಾತ. ವಾಪಸ್ ಬಂದಿದೆ ಅಂದ್ರೆ ಅದು ಹೋಗೇ ಇರಲಿಲ್ಲ ಅಂತ ಅರ್ಥ. ಡಬ್ಬಿ ಬಾಯಿಗೆ ನೀರು ಕೂತಿತ್ತು, ಈಗ ಇಳಿದಿದೆ" ಎಂದರು. ಒಪ್ಪತಕ್ಕ ಮಾತೇ. ನನ್ನ ಎದೆಯ ಭಾರವೆಲ್ಲ ಇಳಿದುಹೋಯಿತು. ಎರಡು ದಿನದ ಹಸಿವು ಒಟ್ಟಿಗೆ ಬಂದು, ಪಾಯಸ ಕುಡಿಯಲು ಹೊರಟೆ.

ಏರಿಯ ಮೇಲೆ ಮಳೆ ಸ್ವಲ್ಪ ಬಿಟ್ಟಿತ್ತು. ನಮ್ಮ ಕಂಬಗಳನ್ನೂ ಹೆಂಗಸರು ಬಿಟ್ಟಿರಲಿಲ್ಲ. ಪ್ರತಿಯೊಂದಕ್ಕೂ ಅರಿಶಿನ ಬಳಿದು, ಕುಂಕುಮವಿಟ್ಟು, ಏರಿಯ ಮೇಲೇ ಬೆಳೆದಿದ್ದ ಲಕ್ಕಿ ಸೊಪ್ಪು ಕಟ್ಟಿದ್ದರು. ಕೆರೆ ಕಾಯುವುದಕ್ಕೆ ಬಂದವು ಎಂದ ಮೇಲೆ ಅವಕ್ಕೂ ಪೂಜೆ ಆಗಲೇಬೇಕಲ್ಲ. ಸೊಪ್ಪು ಡಬ್ಬಿಯ ಬಾಯಿ ಮುಚ್ಚಬಾರದೆಂದು ಒಂದೊಂದನ್ನೇ ಸರಿಸುತ್ತ ಬಂದೆ. ಅಂಗೈಯೆಲ್ಲ ಅದರ ಘಾಟು. ಏಳನೆಯದರ ಹತ್ತಿರ ಬಗ್ಗಿದಾಗ ಅದರ ಬುಡದಲ್ಲಿ ಹೊಸ ಮಣ್ಣು ಕಂಡಿತು. ಒತ್ತಿ ತುಳಿದ ಹೆಜ್ಜೆ ಗುರುತು, ಅಲ್ಲಾಡದ ಹಾಗೆ ಜಡಿದ ಕಲ್ಲಿನ ಚೂರುಗಳು.

"ರಂಗಣ್ಣ, ಇದನ್ಯಾರು ಮುಟ್ಟಿದ್ದು?"

ರಂಗಣ್ಣ ನಗುತ್ತ ಬಂದ. "ನಾನೇ ಕಣವ್ವ. ಮನೆ ಕಡೀಕ್ ವಾಲ್ಕಂಡಿತ್ತು. ಸೊಟ್ಟ ನಿಂತಿದ್ದಕ್ಕೆ ಅರಿಸಿನ ಹಚ್ಚದು ಹೆಂಗೆ? ಕಿತ್ತು, ತೆಂಗಿನ ಸಸಿ ನೆಡೋ ಹಂಗೆ ಹಗ್ಗ ಹಿಡಿದು, ಸಾಲಿಗ್ ಸರಿಯಾಗಿ ನೆಟ್ಟಿವ್ನಿ. ನೋಡು, ಒಂದು ಕೂದ್ಲೆಳೆನೂ ಹೆಚ್ಚುಕಮ್ಮಿ ಇಲ್ಲ!"

ವಾಪಸ್ ಬಂದದ್ದು ಮಣ್ಣಲ್ಲ, ಕಂಬ. ಮಣ್ಣು ಹೋದದ್ದು ನಿಜ. ಎರಡು ಮೊಳ ಹೆಚ್ಚು ನೀರು ಹೊತ್ತ ಏರಿ ಆ ಕೊಟ್ಟಿಗೆಯ ನೇರಕ್ಕೆ ಜರುಗಿದ್ದು ನಿಜ. ಪಾಯಸದ ಲೋಟ ಹಿಡಿದು ಎದುರಿಗೆ ಬಂದ ನಂಜಮ್ಮನನ್ನು ದಾಟಿ ಶಾಲೆಯ ಕಡೆ ಓಡಿದೆ.

ಸರ್ ಕೇಳಿಸಿಕೊಂಡು ಕೆಂಪಗಾದರು, ಆಮೇಲೆ ಬೆಳ್ಳಗಾದರು. ಈಗ ಗೊತ್ತಾಗಬೇಕಾದದ್ದು ಒಂದೇ: ಇನ್ನೂ ಜರುಗುತ್ತಿದೆಯೋ, ಜರುಗಿ ನಿಂತಿದೆಯೋ. ಗಂಟೆಗೊಂದು ಕೂಗಿನಿಂದ ಅದು ಬೇಗ ತಿಳಿಯದು. ಮಳೆಯ ಸದ್ದಿನಲ್ಲಿ ಒಂದು ಕೂಗನ್ನು ನಂಬುವ ಹಾಗಿಲ್ಲ, ನೂರಾರು ಕೂಗು ಬೇಕು. ಎಲ್ಲ ಡಬ್ಬಿಗಳನ್ನೂ ಎಬ್ಬಿಸಿ ಒಂದೇ ಸಮ ಕೂಗಿಸಿದರೆ ತಿಳಿಯುತ್ತದೆ, ಆದರೆ ಸಂಜೆಯ ಹೊತ್ತಿಗೆ ಸೆಲ್ಲುಗಳು ಮುಗಿಯುತ್ತವೆ. ಬೇರೆ ಸೆಲ್ಲಿಲ್ಲ. ಟಾರ್ಚಿನ ಸೆಲ್ಲು ಇದಕ್ಕಾಗದು, ಹಳ್ಳ ಉಕ್ಕಿ ಬಸ್ಸೂ ನಿಂತಿತ್ತು. ಇವತ್ತು ಖರ್ಚು ಮಾಡಿದರೆ ನಾಳೆಯಿಂದ ಏರಿಗೆ ಕಣ್ಣಿಲ್ಲ. ಸೆಲ್ಲು ಮಳೆಗಾಲವಿಡೀ ಬಾಳಿತು ಎಂದು ತೋರಿಸುವ ಸರ್ ಅವರ ಕನಸೂ ಅಲ್ಲಿಗೇ ಮುಗಿಯುತ್ತದೆ.

ಸರ್ ಕಿಟಕಿಯಾಚೆ ಏರಿಯ ಕೆಳಗಿನ ಹೆಂಚಿನ ಮನೆಗಳನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗದೆಯೇ "ಎಬ್ಬಿಸು. ಎಲ್ಲವನ್ನೂ ಎಬ್ಬಿಸು" ಎಂದರು. ಆ ಮನುಷ್ಯನ ಮೇಲೆ ನನಗೆ ಎಂದೂ ಅಷ್ಟು ಗೌರವ ಬಂದಿರಲಿಲ್ಲ.

ಎಬ್ಬಿಸಬೇಕೆಂದರೆ ಅವೇ ಏಳಬೇಕು. ನಿದ್ದೆಯಲ್ಲಿರುವ ಡಬ್ಬಿಗೆ ನಮ್ಮ ಮಾತು ಕೇಳಿಸದು, ಗಂಟೆಯಾದಾಗ ತಾವಾಗಿ ಎದ್ದರೆ ಆಗ ಹೇಳಬಹುದು. ಅಲ್ಲಿಯವರೆಗೂ ಗಡಿಯಾರ ನೋಡುತ್ತ ಕೂತೆವು. ಹೊರಗೆ ಮತ್ತೆ ಮಳೆ ಜೋರಾಯಿತು. ಅಷ್ಟು ಚೆನ್ನಾಗಿ ನಿದ್ದೆ ಮಾಡುವುದನ್ನು ಅವಕ್ಕೆ ಕಲಿಸಿದ್ದಕ್ಕೆ ಸರ್ ಅವರನ್ನೂ ನನ್ನನ್ನೂ ಮನಸ್ಸಿನಲ್ಲೇ ಬೈದುಕೊಂಡೆ.

ಗಂಟೆಯಾಯಿತು. ಅಪ್ಪಣೆ ಹೋಯಿತು. ಏರಿಯ ಉದ್ದಕ್ಕೂ ಜೀರುಂಡೆಗಳು ಒಂದಾದಮೇಲೊಂದು ಚಿರ್ರೆನ್ನಲು ಶುರುಮಾಡಿದವು, ಮುಗಿದರೆ ಮತ್ತೆ ಮೊದಲಿಂದ, ಮತ್ತೆ ಮೊದಲಿಂದ. ಎಂದೂ ಕೇಳದ ಸದ್ದು ಕೇಳಿ ಜನ ಹೊರಗೆ ಬಂದರು. ಪರದೆಯ ಮೇಲೆ ಅಂಕಿಗಳು ಗುಂಪುಗೂಡಿದವು. ಆರು ನಿಂತಲ್ಲೇ ಇತ್ತು. ಎಂಟು ಕೂಡ. ಏಳು ಮಾತ್ರ ತಲೆಸಾಲಿನಿಂದ ಇಷ್ಟಿಷ್ಟೇ ದೂರವಾಗುತ್ತಿತ್ತು. ರಂಗಣ್ಣ ಹಗ್ಗ ಹಿಡಿದು ನೆಟ್ಟ ಜಾಗ ಬಿಟ್ಟು ಆಗಲೇ ಒಂದು ಬೆರಳು ಹೋಗಿತ್ತು.

ನಂಜಮ್ಮ ಬಾಗಿಲಲ್ಲಿ ನಿಂತಿದ್ದರು. ಸೆರಗೆಲ್ಲ ಒದ್ದೆ. "ಒಡೀತೈತಾ ಇಲ್ವಾ, ಒಂದೇ ಮಾತ್ನಾಗೆ ಹೇಳವ್ವ."

"ಒಡೆಯುತ್ತೆ ಅಂತ ಹೇಳೋಕೆ ನನಗೆ ಬರಲ್ಲ ನಂಜಮ್ಮನೋರೆ. ಜರುಗ್ತಾ ಇದೆ. ನಿಂತಿಲ್ಲ. ಅಷ್ಟು ಮಾತ್ರ ಖಂಡಿತ."

"ಮೂಟೆ ಕಿತ್ರೆ ನೀರು ಹೋಯ್ತದೆ. ನಾಕು ವರ್ಸ ಆಯ್ತು ಕೆರೆ ತುಂಬಿ. ಊರು ನನ್ನ ಬಾಯಿಗೆ ಮಣ್ಣು ಹಾಕ್ತದೆ." ಅವರು ತಮ್ಮ ಮನೆಯ ಕಡೆ ತಿರುಗಿ ನೋಡಿದರು. "ಮನೇಲಿ ಹಸಿ ಬಾಣಂತಿ. ಈ ಗಾಳೀಲಿ ಎತ್ಲಾಗ್ ಕರ್ಕಂಡು ಹೋಗ್ಲಿ?"

ಕೀಳಿ ಎಂದು ಹೇಳಿ, ನಾಳೆ ಏರಿ ಹಾಗೇ ನಿಂತಿದ್ದರೆ, ಈ ಹೆಂಗಸಿನ ಮಾನ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಎಂದು ಯೋಚಿಸಲೂ ಭಯವಾಗುತ್ತಿತ್ತು. ಅಷ್ಟರಲ್ಲಿ ರಂಗಣ್ಣ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ. "ಅಕ್ಕೋ, ಮತ್ತೆ ವಾಲೈತೆ ಅದು. ನಾನು ಕಲ್ಲು ಜಡಿದು ನಿಲ್ಸಿದ್ದು" ಎಂದ.

ನಂಜಮ್ಮ ಸೆರಗು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕಮಲನ್ನ ಮಂಚದ ಸಮೇತ ಎತ್ತಿ ಇಲ್ಲಿಗೆ ತನ್ನಿ. ಏರಿ ಕೆಳಗಿನ ಮನೆಯೋರೆಲ್ಲ ಆಚೀಕೆ ಬರ್ಲಿ. ಕೋಡಿ ಮೂಟೆ ಕೀಳ್ರಿ, ತೂಬು ಪೂರಾ ಎತ್ತು. ಬೈಯ್ಯೋರು ನನ್ನ ಬೈಲಿ."

ಬೈದರು. ಪೇರಿಸಿದ ಕೈಗಳಿಂದಲೇ ಮೂಟೆ ಕೀಳುವಾಗ ಕೆಲವರು ಅತ್ತರು ಕೂಡ. ಕಮಲಳನ್ನು ಕಂಬಳಿಯಲ್ಲಿ ಸುತ್ತಿ, ಮಂಚದ ಮೇಲೆ ತಾಡಪಾಲು ಹಿಡಿದು ತಂದರು. ಮಗು ನಂಜಮ್ಮನ ಸೆರಗಿನೊಳಗಿತ್ತು. ಸರ್ ತಮ್ಮ ಸ್ವೆಟರ್ ತೆಗೆದು ಕಿಟಕಿಯ ಸಂದಿಗೆ ತುರುಕಿದರು. ಕೋಡಿಯಲ್ಲಿ ನೀರು ಬಿದ್ದ ಸದ್ದು ಶಾಲೆಯವರೆಗೂ ಕೇಳಿಸಿತು.

ಸಂಜೆಯಾಗುತ್ತಿದ್ದಂತೆ ಜೀರುಂಡೆಗಳು ಒಂದೊಂದಾಗಿ ಸುಮ್ಮನಾದವು. ಮೊದಲು ಕೊನೆಯ ಕಂಬ, ಆಮೇಲೆ ಮೂರು, ಆಮೇಲೆ ಆರು. ಏಳು ಕೂಗುತ್ತಲೇ ಇತ್ತು, ದೂರ ಹೆಚ್ಚುತ್ತಲೇ ಇತ್ತು. ಕೊನೆಗೆ ಅದರ ಅಂಕಿಯೂ ನಿಂತಿತು. ಏರಿ ನಿಂತು ಅಲ್ಲ, ಸೆಲ್ಲು ಮುಗಿದು. ನನಗೆ ಅಳು ಬಂತು. ನಂಜಮ್ಮ "ಈಗ ನೋಡದು ಹೆಂಗೆ?" ಎಂದು ಕೇಳಿದರು. ಸರ್ "ಏರಿ ಮೇಲಿನ ಕಲ್ಲಿಂದ ಕಂಬಕ್ಕೆ ಎಷ್ಟು ದೂರ ಅಂತ ನೋಡೋದಷ್ಟೇ ನಂಜಮ್ಮನೋರೆ, ಅವು ಮಾಡ್ತಿದ್ದಿದ್ದೂ ಅದನ್ನೇ" ಎಂದರು. ರಂಗಣ್ಣ ಹೆಗಲ ಮೇಲಿದ್ದ ಹಗ್ಗ ತೆಗೆದ. ಒಂದು ತುದಿಯನ್ನು ಏರಿಯ ತಲೆಯ ಮೇಲಿನ ಕಲ್ಲಿಗೆ ಕಟ್ಟಿ, ಇನ್ನೊಂದನ್ನು ಕಂಬದವರೆಗೆ ಎಳೆದು, ಮುಟ್ಟಿದಲ್ಲಿ ಗಂಟು ಹಾಕಿದ. ಕತ್ತಲಾಗುವ ಮೊದಲು ಮತ್ತೆ ಎಳೆದಾಗ ಗಂಟು ಕಂಬಕ್ಕೆ ಮುಟ್ಟಲಿಲ್ಲ.

ಬೆಳಗಾಗುವ ಹೊತ್ತಿಗೆ ಏರಿಯ ಇಳಿಜಾರು ದೊಡ್ಡ ಹೋಳಾಗಿ ಕುಸಿದಿತ್ತು. ನಂಜಮ್ಮನ ಕೊಟ್ಟಿಗೆ ಇರಲಿಲ್ಲ. ಅಡುಗೆಮನೆಯ ಗೋಡೆ ಒಳಕ್ಕೆ ಬಿದ್ದು, ಕಮಲಳ ಮಂಚ ಇದ್ದ ಜಾಗದಲ್ಲಿ ಮಂಡಿಯುದ್ದ ಕೆಸರಿತ್ತು. ಆದರೆ ಕೆರೆಯ ನೀರು ಆ ಹೊತ್ತಿಗೆ ಕುಸಿದ ಮಟ್ಟಕ್ಕಿಂತ ಕೆಳಗಿಳಿದಿತ್ತು, ಏರಿ ಒಡೆಯಲಿಲ್ಲ. ದನಗಳನ್ನೂ ಹಿಂದಿನ ದಿನವೇ ಬಿಚ್ಚಿದ್ದರು. ನಂಜಮ್ಮ ಆ ಕೆಸರನ್ನು ನೋಡುತ್ತ ನಿಂತವರು, ಸಟ್ಟನೆ ನನ್ನ ಕೈ ಹಿಡಿದುಕೊಂಡರು. ಕುಸಿದ ಮಣ್ಣಿನ ಜೊತೆಗೇ ಇಳಿದುಬಂದ ಏಳನೇ ಕಂಬ, ಮೈತುಂಬ ಅರಿಶಿನ, ತಲೆಗೆ ಲಕ್ಕಿ ಸೊಪ್ಪು, ವಾಲಿಕೊಂಡು ಅವರ ಮನೆಯಂಗಳದ ಹತ್ತಿರ ನಿಂತಿತ್ತು.

ಕೆರೆಯಲ್ಲಿ ಅರ್ಧ ನೀರು ಉಳಿಯಿತು. ಸರ್ ಬರೆದ ವರದಿಯಲ್ಲಿ ಸೆಲ್ಲು ಎಷ್ಟು ಕಾಲ ಬಾಳಿತು ಎಂಬ ಜಾಗ ಖಾಲಿಯಿತ್ತು. ಮುಂದಿನ ವರ್ಷಕ್ಕೆ ಯಾರೂ ಹಣ ಕೊಡಲಿಲ್ಲ, ನಾನು ಬೇರೆ ಕೆಲಸ ಹಿಡಿದೆ. ಸರ್ ಈಗಿಲ್ಲ.

ಹೋದ ತಿಂಗಳು ಬಸ್ಸಿಳಿದು ನಡೆದು ಹೋದಾಗ ಏರಿ ಗಟ್ಟಿಮುಟ್ಟಾಗಿತ್ತು, ಇಳಿಜಾರಿಗೆ ಕಲ್ಲು ಕಟ್ಟಿದ್ದರು. ಬೇರೆ ಕಂಬಗಳ ಸುಳಿವಿಲ್ಲ. ಇಳಿಜಾರಿನ ಬುಡದಲ್ಲಿ ಒಂದೇ ಒಂದು ಕೊಳವೆ, ತುಕ್ಕು ಹಿಡಿದದ್ದು, ಅರಿಶಿನ ಬಳಿದದ್ದು, ಮನೆಯ ಕಡೆಗೆ ವಾಲಿದ್ದು. ತಲೆಯ ಮೇಲೆ ಡಬ್ಬಿ ಇರಲಿಲ್ಲ, ಬಾಡಿದ ಲಕ್ಕಿ ಸೊಪ್ಪಿತ್ತು. ಸೊಟ್ಟ ನಿಂತದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ ನೋಡಿ. ನನಗೇ ಗೊತ್ತಿಲ್ಲದೆ ಅದರ ಕುತ್ತಿಗೆ ಹಿಡಿದು ನೆಟ್ಟಗೆ ಎಳೆಯಹೋದೆ.

"ಏಯ್! ಬಿಡ್ರೀ ಅದನ್ನ! ನೆಟ್ಟಗೆ ಮಾಡಬ್ಯಾಡಿ!"

ಹಿತ್ತಲ ಬಾಗಿಲಿಂದ ಒಬ್ಬ ಹೆಂಗಸು ಓಡಿ ಬಂದಳು. ಕಮಲ. ಮೈತುಂಬಿಕೊಂಡಿದ್ದಳು, ಅವಳಿಗೆ ನನ್ನ ಗುರುತು ಹತ್ತಲಿಲ್ಲ. "ಯಾವೂರೋರೋ ಏನೋ. ನಮ್ಮೂರಲ್ಲಿ ವಾಲಿದ್ದನ್ನ ಯಾರೂ ಸರಿ ಮಾಡಲ್ಲ ಕಣ್ರೀ, ಪೂಜೆ ದಿನಾನೂ ಮುಟ್ಟಲ್ಲ. ನಮ್ಮತ್ತೆ ಸಾಯೋವಾಗ್ಲೂ ಇದನ್ನೇ ಹೇಳಿದ್ರು" ಎಂದು ಗದರಿದಳು. ನಾನು ಎಳೆದುಬಿಟ್ಟೆನೇನೋ ಎಂಬ ಭಯ ಅವಳಿಗೆ. ಏರಿ ಹತ್ತಿ, ತಲೆಯ ಮೇಲಿನ ಕಲ್ಲಿಗೆ ಒಂದು ತುದಿ ಕಟ್ಟಿ ಸುತ್ತಿಟ್ಟಿದ್ದ ಹಗ್ಗ ಬಿಡಿಸಿ, ಎಳೆದುಕೊಂಡು ಕೆಳಗಿಳಿದು, ಬಿಗಿಹಿಡಿದು ಕಂಬಕ್ಕೆ ಮುಟ್ಟಿಸಿದಳು. ಗಂಟು ಸರಿಯಾಗಿ ಕಂಬದ ಮೇಲೆ ಕೂತಿತು.

ನಾನು ಬಗ್ಗಿ ಆ ಗಂಟನ್ನು ನೋಡಿದೆ.

"ಮೊದ್ಲಿನಷ್ಟೇ ಐತೆ" ಎಂದು, ಹಗ್ಗ ಸುತ್ತಿಕೊಂಡು ಮೇಲೆ ಹತ್ತಿದಳು.